ಎಣ್ಣೆ ಇಲ್ಲದ ಫ್ರೈ

ಹಿಂಬಾಗಿಲ ಗಾಜು ಒಡೆದಿತ್ತು. ಬೀರು ತೆರೆದುಕೊಂಡಿತ್ತು. ಅಮೆರಿಕದ ಶೆಬಾಯ್ಗನ್ ಊರಿನ ಆ ಚುನಾವಣಾ ಪ್ರಚಾರ ಕಚೇರಿಯಲ್ಲಿ ಕಂಪ್ಯೂಟರುಗಳೆಲ್ಲ ಇದ್ದಲ್ಲೇ ಇದ್ದವು. ಹೋದದ್ದು ಒಂದೇ: ಮತದಾರರ ಗುಟ್ಟಿನ ಸಮೀಕ್ಷೆ. ‘ನಮ್ಮ ಅಭ್ಯರ್ಥಿ ನಿಹೌಸ್‌ನನ್ನು ಜನ ಹೊರಗಿನವನು ಅಂದುಕೊಂಡಿದ್ದಾರೆ’ ಎಂಬುದೇ ಅದರ ಸಾರ.

“ಬೀರುವಿನ ಬೀಗ ಮುರಿದಿಲ್ಲ ನೋಡಿ,” ಎಂದ ಪ್ರಚಾರದ ಮುಖ್ಯಸ್ಥ, ಊರಿನವನೇ ಆದ ಕ್ರೇಗ್ ಡಲ್ಮಸ್. “ಕೀ ಇದ್ದಿದ್ದು ನನ್ನ ಹತ್ರ, ಆಫೀಸಿನ ಹುಡುಗಿ ಕಾರ್ಲಾ ಹತ್ರ. ನಾನಂತೂ ನಮ್ಮನೆಗೇ ಕನ್ನ ಹಾಕ್ಕೊಳ್ಳಲ್ಲ.”

ಪತ್ತೇದಾರಿ ಅಧಿಕಾರಿ ಜೋಆನ್ ಬ್ರುಗಿಂಕ್ ನಗಲಿಲ್ಲ. ಮೊದಲು ಎದುರು ಪಕ್ಷದವರನ್ನು ವಿಚಾರಿಸಿದಳು.

“ಅದ್ಯಾರಿಗೆ ಬೇಕ್ರೀ? ಅವನು ಸೋಲ್ತಾನೆ ಅಂತ ನಮ್ಮಜ್ಜಿಗೂ ಗೊತ್ತು!”

ಆ ವಾರವೇ ಟೀವಿಯಲ್ಲಿ ‘ನಿಹೌಸ್ ನಮ್ಮವನು’ ಎಂಬ ಜಾಹೀರಾತು ಬಂತು; ಕಳುವಾದ ಸಮೀಕ್ಷೆಗೇ ಉತ್ತರದಂತಿತ್ತು. ಹಣ ಸುರಿದದ್ದು ವರ್ಜೀನಿಯಾದ ಒಂದು ಸಮಿತಿ. ಇಂಥ ಸಮಿತಿ ಸಿರಿವಂತರಿಂದ ಎಷ್ಟಾದರೂ ಎತ್ತಬಹುದು, ಎಷ್ಟಾದರೂ ಖರ್ಚು ಮಾಡಬಹುದು. ಆದರೆ ಕಾನೂನಿನ ಪ್ರಕಾರ ಜಾಹೀರಾತಿನ ವಿಷಯದಲ್ಲಿ ಅಭ್ಯರ್ಥಿಯ ಕಡೆಯವರೊಡನೆ ಕೈಜೋಡಿಸುವಂತಿಲ್ಲ.

“ಕಾರ್ಲಾನೇ ಕದ್ದು ಅವರಿಗೆ ಮಾರಿದ್ದಾಳೆ,” ಎಂದ ಡಲ್ಮಸ್. “ಇನ್ನೇನು ಸಾಕ್ಷಿ ಬೇಕು?”

* * *

ಕಾರ್ಲಾ ಟೆಕ್ಸಾಸಿನವಳು. ಕಚೇರಿ ಕೆಲಸ ಮಾಡಿಕೊಂಡು ನರ್ಸಿಂಗ್ ಓದುತ್ತಿದ್ದಳು. ಕಳ್ಳತನದ ಕಳಂಕ ಅಂಟಿದರೆ ಪರವಾನಗಿಯ ಆಸೆ ಬಿಡಬೇಕು. ಜೋಆನ್ ಅವಳ ಮುಂದೆ ಜಾಹೀರಾತು ಹಾಕಿದಳು. ಅಂಗಳ. ಕೆಂಡ. ಕೆಂಡದ ಮೇಲೆ ಮಾಂಸದ ಸಾಸೇಜು. ‘ನಿಹೌಸ್ ನಮ್ಮವನು! ಭಾನುವಾರದ ಫ್ರೈಗೆ ಕರೆಯದೇ ಬರುವವನು!’

“ಒಂದು ಕೇಳ್ಲಾ ಮೇಡಂ? ಫ್ರೈ ಅಂತಾರೆ, ಕೆಂಡದ ಮೇಲೆ ಸುಡ್ತಾರೆ. ಎಣ್ಣೆ ಎಲ್ಲಿ?”

“ಸುಡೋದೇ ಫ್ರೈ ಕಣೇ. ನಮ್ಮೂರಲ್ಲಿ ಮಾತ್ರ ಹಾಗನ್ನೋದು...”

ಜೋಆನ್ ಮಾತು ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಆಡಿದ ಮಾತು. ಅದಕ್ಕೇ ಕಿವಿಗೆ ತಾಕಿರಲಿಲ್ಲ.

ವರ್ಜೀನಿಯಾಕ್ಕೆ ಫೋನ್ ಮಾಡಿದಳು.

“ಜಾಹೀರಾತಿನ ಮಾತು ಬರೆದವರು ಯಾರು?”

“ನಾನೇ,” ಎಂದ ಸಮಿತಿಯವ.

“ಫ್ರೈ ಅಂದ್ರೆ?”

“ಬಾಣಲೇಲಿ ಎಣ್ಣೆ ಹಾಕಿ ಕರಿಯೋದು. ಅಷ್ಟೂ ಗೊತ್ತಿಲ್ವಾ?”

“ನಿಮ್ಮ ಜಾಹೀರಾತಲ್ಲಿ ಬಾಣಲೆ ಎಲ್ಲಿದೆ?”

ಆ ಕಡೆಯ ದನಿ ಸಣ್ಣದಾಯಿತು: “ಸಮೀಕ್ಷೆ, ಜಾಹೀರಾತಿನ ಮಾತು ಎರಡೂ ನಿಹೌಸ್ ಕಚೇರಿಯಿಂದಲೇ ಬಂದ್ವು. ಕೆಂಡ ತೋರಿಸಿ ಅಂತಿತ್ತು, ತೋರಿಸಿದ್ವಿ. ಬಂದಿದ್ದು ಹೋದ ತಿಂಗಳೇ.”

* * *

“ಹೋದ ತಿಂಗಳು ಗಾಜು ಗಟ್ಟಿಯಾಗೇ ಇತ್ತಲ್ಲ, ಕ್ರೇಗ್?” ಎಂದಳು ಜೋಆನ್.

ಡಲ್ಮಸ್ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ.

“ಸಮೀಕ್ಷೆ ಕೊಟ್ಟವನು ನೀನು. ಮಾತು ಬರೆದವನೂ ನೀನೇ. ಜಾಹೀರಾತು ಬಂದ್ರೆ ಸಮೀಕ್ಷೆ ಅಲ್ಲಿಗೆ ಹೇಗೆ ಹೋಯ್ತು ಅಂತ ಕೇಳ್ತಾರೆ. ಅದಕ್ಕೆ ಒಬ್ಬ ಕಳ್ಳ ಬೇಕಾಗಿದ್ದ, ಗಾಜು ಒಡೆದೆ.”

“ಕಾರ್ಲಾನೂ ಬರೀಬಹುದಿತ್ತು.”

“ಅವಳ ಬಾಯಲ್ಲಿ ಅದು ಬಾರ್ಬೆಕ್ಯೂ. ನಿಹೌಸ್ ಮ್ಯಾಡಿಸನ್‌ನವನು, ಗ್ರಿಲ್ ಅಂತಾನೆ. ಈ ಕಚೇರೀಲಿ ಕೆಂಡಕ್ಕೆ ಫ್ರೈ ಅನ್ನೋನು ನೀನೊಬ್ಬನೇ. ಹೊರಗಿನವನನ್ನ ಊರವನು ಮಾಡೋಕೆ ಹೋಗಿ ನಿನ್ನೂರನ್ನೇ ಬರೆದುಬಿಟ್ಟೆ.”

ಡಲ್ಮಸ್ ಕೋಟು ತೆಗೆದುಕೊಂಡು ಎದ್ದ.

ಹೊರಗೆ ಕಾರ್ಲಾ ಕಾದಿದ್ದಳು. ತನಿಖೆಗೆಂದು ತೆಗೆದುಕೊಂಡಿದ್ದ ಅವಳ ಫೋನು, ಕೀಗಳನ್ನು ಜೋಆನ್ ವಾಪಸು ಕೊಟ್ಟಳು.

“ಭಾನುವಾರ ನಮ್ಮನೇಲಿ ಫ್ರೈ ಇದೆ. ಬರ್ತೀಯಾ?”

ಕಾರ್ಲಾ ಕಣ್ಣೊರೆಸಿಕೊಂಡಳು. “ಎಣ್ಣೆ ತರ್ಲಾ?”