ಅಂಗೈ ಕಡೆಗೆ ಲೇಬಲ್

"ತಿರುಗಿಸಿ ಹಿಡೀರಿ ಅದನ್ನ!"

ಆ ಕೂಗಿಗೆ ಅವಳು ಸುರಿಯಲು ಬಗ್ಗಿಸಿದ್ದ ಆಸಿಡ್ ಬಾಟಲಿಯನ್ನು ಹಾಗೇ ತಡೆದಳು. ಮರುಕ್ಷಣವೇ ಯಾರದೋ ಕೈ ಅವಳ ಮಣಿಕಟ್ಟು ಹಿಡಿದು ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಬೈಗುಳ!

"ಸುರಿಯುವಾಗ ಲೇಬಲ್ ಅಂಗೈ ಕಡೆಗಿರಬೇಕು. ಇಲ್ಲದಿದ್ರೆ ಬಾಯಿಂದ ಇಳಿಯೋ ಹನಿ ಲೇಬಲನ್ನೇ ತಿಂದುಹಾಕುತ್ತೆ."

ಹೇಳುತ್ತಿದ್ದವನ ಮುಖ ಬಿಳಿಚಿಕೊಂಡಿತ್ತು. ಸತ್ತವರನ್ನು ಕಂಡವನ ಹಾಗೆ...

ಮೂರು ವರ್ಷದ ಹಿಂದೆ ಅವಳ ಅಕ್ಕ ಇದೇ ಲ್ಯಾಬಿನಲ್ಲಿದ್ದಳು. ಲೇಬಲ್ ಇಲ್ಲದ ಬಾಟಲಿಯ ಆಸಿಡ್ಡನ್ನು ನೀರೆಂದುಕೊಂಡು ಬಿಸಿ ದ್ರಾವಣಕ್ಕೆ ಸುರಿದಳು. ಅದು ಸಿಡಿಯಿತು; ಅವಳು ಮತ್ತೆ ಮನೆಗೆ ಬರಲಿಲ್ಲ. ಲೇಬಲ್ ಅಂಟಿಸದ ತಪ್ಪು ತನ್ನದೆಂದು ಒಪ್ಪಿಕೊಂಡ ಹುಡುಗನನ್ನು ಅಮ್ಮ ಇಂದಿಗೂ ಶಪಿಸುತ್ತಾಳೆ. ಹೆಸರೂ ಗೊತ್ತಿಲ್ಲದ ಅವನ ಮುಖ ನೋಡಲೆಂದೇ ಇವಳು ಹಟ ಹಿಡಿದು ಇಲ್ಲಿಗೆ ಸೇರಿದ್ದಳು. ತಾನು ಯಾರ ತಂಗಿಯೆಂದು ಯಾರಿಗೂ ಹೇಳಿರಲಿಲ್ಲ.

ಆದರೆ ನಾಲ್ಕು ತಿಂಗಳಲ್ಲಿ ಆದದ್ದೇ ಬೇರೆ.

ಬ್ಯೂರೆಟ್ಟಿನ ಗಾಜಿನ ಕೊಳವೆಯಲ್ಲಿ ದ್ರಾವಣದ ಮಟ್ಟ ಓದಲು ಅವಳು ಬಗ್ಗಿದಾಗ ಅವನೂ ಪಕ್ಕದಲ್ಲೇ ಬಗ್ಗುತ್ತಿದ್ದ. "ಮೇಲಿಂದ ನೋಡ್ಬೇಡಿ, ಲೆಕ್ಕ ತಪ್ಪುತ್ತೆ. ಕಣ್ಣು ಅದರ ಮಟ್ಟಕ್ಕೇ ಇಳೀಬೇಕು." ಅಷ್ಟು ಹತ್ತಿರದಲ್ಲಿ ಅವನ ಉಸಿರು... ಅವಳ ಲೆಕ್ಕ ತಪ್ಪುತ್ತಿದ್ದುದೇ ಆಗ!

ಹನಿ ಹನಿಗೂ ಜೀವ ಬಿಡುತ್ತಾನೆಂದು ಲ್ಯಾಬಿನ ಸ್ಟೋರ್ ನೋಡಿಕೊಳ್ಳುವ ಅಜ್ಜ ಅವನಿಗೆ 'ಹನಿರಾಯ' ಎಂದು ಹೆಸರಿಟ್ಟಿದ್ದ. ಇಷ್ಟರ ನಡುವೆಯೂ ಲ್ಯಾಬಿನಲ್ಲಿ ಅವಳು ಒಬ್ಬಳೇ ಇದ್ದಾಗ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತಿತ್ತು. ತಿರುಗಿದರೆ, ಮೊಳೆಗೆ ನೇತುಹಾಕಿದ್ದ ಅಕ್ಕನ ಬಿಳಿ ಕೋಟು.

ಒಂದು ದಿನ ಅಜ್ಜನೇ ಬಾಯಿಬಿಟ್ಟ. "ಆ ಕೋಟಿನ ಹುಡುಗಿ ಹೋದಾಗಿಂದ ಹನಿರಾಯ ನಕ್ಕೇ ಇಲ್ಲ. ತಪ್ಪು ನಂದು ಅಂತ ಬರೆದುಕೊಟ್ಟೋನು ಅವನೇ ಅಲ್ವೇನಮ್ಮಾ..."

ಇವನೇನಾ? ನಾನು ಮನಸ್ಸು ಕೊಟ್ಟಿದ್ದು ಇವನಿಗೇನಾ?

"ನಾನು ಅವಳ ತಂಗಿ," ಎಂದಳು ಅವನೆದುರು ನಿಂತು. "ನಿಜ ಹೇಳಿ. ಅಕ್ಕನ್ನ ಕೊಂದಿದ್ದು ನೀವೇನಾ?"

ಅವನು ತಲೆ ತಗ್ಗಿಸಿದ.

ಕೆಲಸ ಬಿಡುವುದೆಂದು ನಿರ್ಧರಿಸಿ, ಬೀಗದ ಕೈ ಒಪ್ಪಿಸಲು ಅವಳು ಸ್ಟೋರಿಗೆ ಹೋದಳು. ಮೇಲಿನ ಹಲಗೆಯ ಮೇಲೊಂದು ಖಾಲಿ ಬಾಟಲಿ.

"ಅದೇ ಬಾಟಲಿ," ಅಜ್ಜ ಪಿಸುಗುಟ್ಟಿದ. "ಹನಿರಾಯ ಎಸೆಯೋಕೂ ಬಿಡಲ್ಲ."

ಕೈಗೆತ್ತಿಕೊಂಡಳು. ಲೇಬಲ್ ಇಲ್ಲದೆ ಏನು! ಇತ್ತು. ಬಾಟಲಿಯ ಬಾಯಿಂದ ಇಳಿದ ಹನಿಗಳು ಅದರ ಮೇಲೇ ಹರಿದು ಅಕ್ಷರಗಳನ್ನು ಕರ್ರಗೆ ಸುಟ್ಟಿದ್ದವು. ಅಂಚಿನಲ್ಲಿ ಉಳಿದ ಎರಡಕ್ಷರ ಅವನ ದುಂಡು ಬರಹ.

ಅವಳಿಗೆ ಮನೆಯ ಕೆಮ್ಮಿನ ಸಿರಪ್ ಬಾಟಲಿ ನೆನಪಾಯಿತು. ಲೇಬಲ್ ತುಂಬ ಅಂಟಂಟು. "ಒಂದು ಬಾಟಲಿಯಾದ್ರೂ ಓದೋ ಹಾಗೆ ಉಳಿಸ್ತೀಯೇನೇ?" ಎಂದು ಅಮ್ಮ ಬೈಯುತ್ತಿದ್ದುದು ಅಕ್ಕನನ್ನು. ಲೇಬಲ್ ಹೊರಗಿಟ್ಟು ಸುರಿಯುವುದು ಅಕ್ಕನನ್ನು ನೋಡಿ ನೋಡಿ ಇವಳಿಗೂ ಬಂದಿದ್ದ ಅಭ್ಯಾಸ...

ಓಡಿದಳು.

"ಅಕ್ಕನೇ ಸುರೀತಾ ಸುರೀತಾ ಲೇಬಲ್ ಸುಟ್ಟಿದ್ದು! ಯಾಕೆ ಸುಳ್ಳು ಹೇಳಿದ್ರಿ?"

"ಅವತ್ತು ನಿಮ್ಮಮ್ಮ ಆಸ್ಪತ್ರೆ ಹೊರಗೆ ಬೆಂಚಿನ ಮೇಲಿದ್ರು," ಅವನ ದನಿ ಒಡೆಯಿತು. "'ನನ್ನ ಮಗಳದೇ ತಪ್ಪೇನಪ್ಪಾ?' ಅಂತ ಕೇಳಿದ್ರು. ಹೌದು ಅನ್ನೋಕೆ ಬಾಯಿ ಬರಲಿಲ್ಲ. ಪೂರ್ತಿ ಸುಳ್ಳೂ ಅಲ್ಲ... ಅವತ್ತು ಬೆಳಿಗ್ಗೆ ಲೇಬಲ್ ಸುಟ್ಟಿದ್ದು ನೋಡಿದ್ದೆ. ಊಟ ಮಾಡಿ ಬಂದು ಹೊಸದು ಬರೆಯೋಣ ಅಂದ್ಕೊಂಡೆ."

ಮೂರು ವರ್ಷದಿಂದ ಅವನು ಆ ಒಂದು ಊಟವನ್ನು ನುಂಗಲಾರದೆ ಕೂತಿದ್ದ!

ಅವಳು ಅವನ ಕೈ ಹಿಡಿದಳು. "ಅಮ್ಮನಿಗೆ ನಾನು ಹೇಳ್ತೀನಿ. ಅಳ್ತಾಳೆ. ಆದ್ರೆ ಸಿರಪ್ ಬಾಟಲಿ ತೊಳೆದೋಳು ಅವಳೇ ಅಲ್ವಾ, ಅರ್ಥ ಮಾಡ್ಕೋತಾಳೆ."

"ಆಮೇಲೆ... ನೀವು ಹೋಗಿಬಿಡ್ತೀರಾ?"

"ಹನಿರಾಯರನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ನನಗಿನ್ನೂ ಬಾಟಲಿ ಹಿಡಿಯೋಕೇ ಬರಲ್ಲ."

ಗೋಡೆಯ ಮೇಲಿನ ಕೋಟು ಅಂದು ಮೊದಲ ಸಲ ಬರೀ ಕೋಟಾಗಿ ಕಂಡಿತು. ಅವನು ಕಣ್ಣೊರೆಸಿಕೊಂಡು ಮೇಜಿನ ಕಡೆ ನೋಡಿದ. ಒಂದು ಬಾಟಲಿಯ ಲೇಬಲ್ ಅಂಚು ಮಾಸಿತ್ತು.

"ಊಟದ ಹೊತ್ತಾಯ್ತು. ಬಂದ ಮೇಲೆ ಬರೆಯೋಣ್ವಾ?" ಅವಳು ಬೇಕೆಂದೇ ಕೇಳಿದಳು.

"ಇಲ್ಲ," ಎಂದು ಅವನು ಪೆನ್ನು ಅವಳ ಅಂಗೈಯಲ್ಲಿಟ್ಟ. "ಈಗಲೇ. ನೀನು ಬರಿ... ನಾನು ಹಿಡ್ಕೋತೀನಿ."