ಯಾರದ್ದೂ ಅಲ್ಲದ ಹೆಸರು

ಅವನು ಮೊದಲ ಸಲ ನಮ್ಮ ಆಫೀಸಿಗೆ ಬಂದಾಗ ಹುಬ್ಬೆಲ್ಲ ಬೆಳ್ಳಗಿತ್ತು. ವಯಸ್ಸಿಗಲ್ಲ, ಕಲ್ಲಿನ ಪುಡಿಗೆ. ಕೈಯಲ್ಲಿ ನಮ್ಮದೇ ಪುಸ್ತಕ. ಬೆನ್ನು ಕಿತ್ತು, ಟೇಪ್ ಹಾಕಿಸಿಕೊಂಡು, ಮತ್ತೆ ಕಿತ್ತುಹೋಗಿತ್ತು.

“ಇದನ್ನ ಬರೆದೋರು ಯಾರು?”

“ಹಾಳೆ ಕಿತ್ತಿದ್ರೆ ಅಂಗಡಿಯವರನ್ನ ಕೇಳಿ. ಅರ್ಥ ತಪ್ಪಾಗಿದ್ರೆ ನನ್ನನ್ನ ಬೈಯಿರಿ.”

“ಬೈಯೋಕೆ ಬಂದಿಲ್ಲ,” ಅಂದ. ನಗಲಿಲ್ಲ. ಆದರೆ ಒಂದು ಕಾಲದಲ್ಲಿ ಚೆನ್ನಾಗಿ ನಗುತ್ತಿದ್ದವನು ಅಂತ ಕಣ್ಣಿನ ಪಕ್ಕದ ಗೆರೆಗಳಲ್ಲಿ ಗೊತ್ತಾಗುತ್ತಿತ್ತು.

ನನ್ನ ಕೆಲಸ ಹೆಸರುಗಳ ಪುಸ್ತಕ ಮಾಡೋದು. ನಲವತ್ತೆರಡು ಭಾಷೆ, ಒಂಬತ್ತು ಸಾವಿರ ಹೆಸರು, ಒಂದೊಂದಕ್ಕೂ ಮೂಲ ಯಾವುದು, ಅರ್ಥ ಏನು. ಬಸುರಿಯರು ಕೊಳ್ಳೋ ಪುಸ್ತಕ. ಮದುವೆಯೇ ಆಗದವಳು ಊರಿನ ಅರ್ಧ ಮಕ್ಕಳಿಗೆ ಹೆಸರಿಟ್ಟಿದ್ದಾಳೆ ಅಂತ ನಮ್ಮಕ್ಕಂದಿರು ನನ್ನನ್ನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಬಾಯಿಗೇನು ಬಾಡಿಗೆ ಕೊಡಬೇಕಾ.

ಅವನು ಪುಟ ತೆರೆದು ಬೆರಳಿಟ್ಟ. ಮಾರ್ಜಿನ್ ತುಂಬ ಯಾರೋ ನೇರಳೆ ಬಣ್ಣದ ಪೆನ್ಸಿಲ್‌ನಲ್ಲಿ ಗೀಚಿದ್ದರು.

“ಈ ಹೆಸರನ್ನ ಅದರ ಸ್ವಂತ ಭಾಷೆಯ ಅಕ್ಷರದಲ್ಲಿ ಹೇಗೆ ಬರೀತಾರೆ? ನಾನು ಸಮಾಧಿ ಕಲ್ಲಿನ ಮೇಲೆ ಅಕ್ಷರ ಕೊರೆಯೋನು. ಅರ್ಥ ಕೊರೀತೀನಿ, ಜೊತೆಗೆ ಮೂಲ ಅಕ್ಷರಾನೂ ಇರಲಿ ಅಂತ.”

“ಯಾರ ಕಲ್ಲು?”

“ನನ್ನ ಮಗಳದು. ಆರು ವರ್ಷ ಆಗಿತ್ತು.”

ಅವನ ಬೆರಳಿನ ಕೆಳಗಿದ್ದ ಮೂರಕ್ಷರ ಓದಿದೆ. ‘ಮೂಲ: ದಕ್ಷಿಣ ಸಾಗರದ ಒಂದು ದ್ವೀಪದ ನುಡಿ. ಅರ್ಥ: ಮನೆಗೆ ಮರಳಿ ಬರುವವಳು.’

ಅಂಥ ದ್ವೀಪ ಇಲ್ಲ. ಅಂಥ ನುಡಿ ಇಲ್ಲ. ನಮ್ಮ ಕಸುಬಿನಲ್ಲಿ ಅದಕ್ಕೆ ಬೋನು ಅಂತೀವಿ. ಯಾರಾದರೂ ನಮ್ಮ ಪುಸ್ತಕ ಕದ್ದು ಅಚ್ಚು ಹಾಕಿದರೆ ಹಿಡಿಯೋದು ಹೇಗೆ? ನಿಜವಾದ ಹೆಸರುಗಳು ಎಲ್ಲರಿಗೂ ಸೇರಿದ್ದು. ಅದಕ್ಕೇ ಒಂದು ಸುಳ್ಳು ಹೆಸರು ಕಟ್ಟಿ ಒಳಗೆ ಬಚ್ಚಿಡೋದು. ಕದ್ದವನು ಅದನ್ನೂ ಕದಿಯುತ್ತಾನೆ, ಸಿಕ್ಕಿಬೀಳುತ್ತಾನೆ. ಹತ್ತು ವರ್ಷದ ಹಿಂದೆ ನಮ್ಮ ಪ್ರೆಸ್ಸಿನ ಯಜಮಾನರು, “ಬೋನಿಗೆ ಏನಾದ್ರೂ ಹಾಕಮ್ಮ,” ಅಂದಿದ್ದರು. ಟೀ ಆರೋಕೆ ಮುಂಚೆ ಹಾಕಿದ್ದೆ. ಇಲಿ ಬೀಳಲಿ ಅಂತ ಇಟ್ಟ ಬೋನಿಗೆ ಒಂದು ಮಗು ಬಿದ್ದಿತ್ತು.

“ಆ ಭಾಷೆಗೆ ಲಿಪಿ ಇಲ್ಲ,” ಅಂದೆ.

ಭಾಷೆಯೇ ಇಲ್ಲದ ಮೇಲೆ ಲಿಪಿ ಎಲ್ಲಿಂದ ಬರಬೇಕು? ನಾನು ಹೇಳಿದ್ದು ಸುಳ್ಳಲ್ಲ ಅಂತ ಆವತ್ತೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಡ್ಡಗೋಡೆ ಮೇಲೆ ದೀಪ ಇಟ್ಟು ಬದುಕೋದು ನನಗೇನು ಹೊಸದಲ್ಲ.

ಮುಂದಿನ ಮಂಗಳವಾರ ಮತ್ತೆ ಬಂದ. ಬಾಗಿಲಲ್ಲಿ ಆ ಬಿಳಿ ಹುಬ್ಬು ಕಂಡಾಗ ಎದೆ ಧಸಕ್ ಅಂದದ್ದು ಹೆದರಿಕೆಗೆ ಅಂತಲೇ ತಿಳಿದುಕೊಂಡೆ.

“ಒಬ್ಬ ಅಜ್ಜಿಯ ಕಲ್ಲು ಬಂದಿದೆ,” ಅಂತ ಚೀಟಿ ಮುಂದಿಟ್ಟ. “ಇದರ ಅರ್ಥ ಏನು? ಅವರ ಮಕ್ಕಳಿಗೇ ಗೊತ್ತಿಲ್ಲವಂತೆ.”

“ಸ್ಪ್ಯಾನಿಷ್. ‘ನೋವುಗಳು’ ಅಂತ. ಬಹುವಚನ.”

“ಮಗೂಗೆ ಹಾಗಂತ ಹೆಸರಿಡ್ತಾರಾ?”

“ಇಡ್ತಾರೆ. ಯೊರುಬಾ ಜನರಲ್ಲಿ ಹುಟ್ಟಿದ ಮಕ್ಕಳೆಲ್ಲ ಸಾಯ್ತಿದ್ರೆ ಮುಂದಿನ ಮಗೂಗೆ ‘ಮಾಲೊಮೊ’ ಅಂತ ಇಡೋರು. ‘ಇನ್ನು ಹೋಗಬೇಡ’ ಅಂತ. ಯಹೂದಿಗಳಲ್ಲಿ ಕಾಯಿಲೆ ಬಿದ್ದೋರಿಗೆ ಹೊಸ ಹೆಸರು ಕೊಡೋದಿತ್ತು. ಸಾವು ಪಟ್ಟಿ ಹಿಡ್ಕೊಂಡು ಬಂದು, ಇಂಥೋರು ಇಲ್ಲಿಲ್ಲ ಅಂತ ವಾಪಸ್ ಹೋಗ್ಲಿ ಅಂತ.”

ಅವನು ಚೀಟಿ ಮಡಿಸುತ್ತಾ ಕೂತ. “ಹೋಗ್ತಿತ್ತಾ?”

“ಪುಸ್ತಕದಲ್ಲಿ ಅದನ್ನ ಬರೆಯಲ್ಲ.”

“ಮೂರು ದಿನ ಜ್ವರ ಅಷ್ಟೇ,” ಅಂದ. “ಮಾಲೊಮೊ ಅಂತ ಇಡಬೇಕಿತ್ತೇನೋ ನಾನು.”

ಎದ್ದು ಹೋಗಿ ಎರಡು ಲೋಟ ಟೀ ತಂದೆ. ಆಮೇಲೆ ಪ್ರತಿ ಮಂಗಳವಾರವೂ ಎರಡು ಲೋಟವೇ.

ಅವನ ಕಥೆ ಚೂರುಚೂರಾಗಿ ತಿಳಿಯಿತು. ಮಗಳು ಹೋದ ಮೇಲೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಾಗದೆ ಬೇರೆಯಾಗಿದ್ದರು. ವಿಚ್ಛೇದನದ ಕಾಗದ ಪತ್ರವೆಲ್ಲ ಮುಗಿದಿತ್ತು. ಹೆಸರು ಹುಡುಕಿದ್ದು ಅವನೇ. “ದಿನಾ ಹೋದೋರ ಕಲ್ಲೇ ಕೊರೀತೀನಲ್ಲ. ನನ್ನ ಮಗಳಾದ್ರೂ ಬರೋಳಾಗಿರಲಿ ಅಂತ ಆಸೆ,” ಅಂದಿದ್ದ. ಊರಿನವರ ಕಲ್ಲೆಲ್ಲ ಕೊರೆದರೂ ಆ ಒಂದು ಕಲ್ಲಿಗೆ ಹದಿಮೂರು ತಿಂಗಳಿಂದ ಕೈ ಬರುತ್ತಿರಲಿಲ್ಲ.

ನಡುವೆ ನಗುವೂ ಇತ್ತು, ಇಲ್ಲ ಅನ್ನಲಾರೆ. ನನಗೆ ‘ಹೆಸರಮ್ಮ’ ಅಂತ ಹೆಸರಿಟ್ಟ. ನಾನು ಅವನನ್ನ ‘ಶಿಲ್ಪಿಗಳೇ’ ಅಂತ ಕರೆದು ಕಾಡಿಸುತ್ತಿದ್ದೆ.

“ಶಿಲ್ಪಿ ಅಲ್ಲ ಕಣ್ರೀ, ಅಕ್ಷರ ಕೊರೆಯೋನು. ಒಂದು ಮೂಗು ಮಾಡು ಅಂದ್ರೆ ಆಲೂಗೆಡ್ಡೆ ಮಾಡ್ತೀನಿ.”

“ಮುಖ ತೊಳ್ಕೊಂಡು ಬರೋಕೇನು ಧಾಡಿ? ನಮ್ಮ ಪ್ರೂಫ್ ಹಾಳೆ ಮೇಲೆಲ್ಲ ಪುಡಿ.”

“ತೊಳ್ಕೊಂಡು ಬಂದ್ರೆ ನೀವು ಒರೆಸ್ತೀರಾ?”

ಟೇಬಲ್ ಒರೆಸೋ ಬಟ್ಟೆ ಎತ್ತಿ ಅವನ ಕಡೆ ಎಸೆದೆ. ಹಿಡಿದುಕೊಂಡ. ಆದರೆ ಮುಖ ಒರೆಸಿಕೊಳ್ಳದೆ ನನ್ನನ್ನೇ ನೋಡುತ್ತಾ ಕೂತ, ನಾನು ಒಂದೇ ಸಾಲನ್ನು ಮೂರು ಸಲ ಓದುವಷ್ಟು ಹೊತ್ತು.

“ನಿಮ್ಮ ಹೆಸರಿನ ಅರ್ಥ ಏನು?” ಅಂತ ಒಂದು ದಿನ ಕೇಳಿದ.

“ನಾಲ್ಕನೇ ಹೆಣ್ಣು ನಾನು. ಗಂಡು ಬರುತ್ತೆ ಅಂತ ಕಾದಿದ್ದ ಮನೆ. ‘ಇನ್ನು ಸಾಕು’ ಅಂತ ಅರ್ಥ. ಎಷ್ಟೋ ಭಾಷೆಗಳಲ್ಲಿ ಇದೆ ಇಂಥ ಹೆಸರು. ನಮ್ಮಮ್ಮನ ತಪ್ಪೇನಿಲ್ಲ.”

ಅವನು ಟೀ ಲೋಟ ಕೆಳಗಿಟ್ಟ. ನನ್ನ ಬೆರಳುಗಳ ಹತ್ತಿರ, ತಾಗದ ಹಾಗೆ.

“ನಂಗಿನ್ನೂ ಸಾಕಾಗಿಲ್ಲ,” ಅಂದ.

ನಲವತ್ತರ ಹತ್ತಿರದ ಹೆಂಗಸು ನಾನು. ಕಿವಿ ಬಿಸಿಯಾಯಿತು. ಹಾಳೆಗಳ ಹಿಂದೆ ಮುಖ ಮುಚ್ಚಿಕೊಂಡೆ. ಆಗ ಅವನು ಮೆಲ್ಲಗೆ ಇನ್ನೊಂದು ಮಾತು ಹೇಳಿದ: “ಒಂದು ಕೇಳ್ಲಾ? ಇಷ್ಟು ಮಾತಾಡ್ತೀರಿ, ನನ್ನ ಮಗಳ ಹೆಸರು ಮಾತ್ರ ಒಂದ್ಸಲಾನೂ ನಿಮ್ಮ ಬಾಯಲ್ಲಿ ಬರಲಿಲ್ಲ.”

ಹೇಳಿಬಿಡಬೇಕಿತ್ತು. ಆವತ್ತೇ ಹೇಳಿಬಿಡಬೇಕಿತ್ತು. “ಕೆಲಸ ಇದೆ, ನೀವು ಹೊರಡಿ,” ಅಂದೆ. ಪ್ರೀತಿ ಹುಟ್ಟಿದ ಮೇಲೆ ನಿಜ ಹೇಳೋದು ಎಷ್ಟು ಕಷ್ಟ ಅಂತ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಆ ಶುಕ್ರವಾರ ಯಜಮಾನರು ಬೇರೊಂದು ಪ್ರೆಸ್ಸಿನ ಹೊಚ್ಚ ಹೊಸ ಪುಸ್ತಕ ಹಿಡಿದು ನನ್ನ ಟೇಬಲ್ ಹತ್ತಿರ ಬಂದರು. ಇಷ್ಟು ವರ್ಷದಲ್ಲಿ ಅವರು ಅಷ್ಟು ಖುಷಿಯಾಗಿದ್ದದ್ದು ನಾನು ನೋಡಿರಲಿಲ್ಲ.

“ಬಿದ್ದ ನೋಡಮ್ಮ ಕಳ್ಳ. ನೀನು ಕಟ್ಟಿದ ಹೆಸರು ಹಾಗೇ ಇಳಿಸಿದಾನೆ, ದ್ವೀಪದ ಸಮೇತ.”

ಬುಧವಾರ ವಕೀಲರ ಹತ್ತಿರ ಹೋಗಿ ನಾನು ಸಹಿ ಹಾಕಬೇಕಿತ್ತು. ಹೇಳಿಕೆ ಟೈಪಾಗಿ ಬಂದಿತ್ತು. ‘ಸದರಿ ಹೆಸರು ನನ್ನ ಕಲ್ಪನೆ. ಈ ಹೆಸರಿನ ವ್ಯಕ್ತಿ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ, ಹಿಂದೆಯೂ ಇರಲಿಲ್ಲ.’ ಕೇಸು ನಡೆದರೆ ಪತ್ರಿಕೆಗಳಲ್ಲೂ ಬರುತ್ತೆ ಅಂತ ಯಜಮಾನರು ಕೈ ಉಜ್ಜಿಕೊಂಡರು.

ಪತ್ರಿಕೆಯಲ್ಲಿ ಓದಿ ಅವನಿಗೆ ಗೊತ್ತಾಗೋದು ಬೇಡ. ಅಷ್ಟು ಮರ್ಯಾದೆಯಾದರೂ ನನ್ನಲ್ಲಿ ಉಳಿದಿತ್ತು. ಭಾನುವಾರ ಬೆಳಿಗ್ಗೆ ಅವನ ಶೆಡ್ಡಿಗೆ ಹೋದೆ.

ತಗಡಿನ ಮಾಡು, ಗೋಡೆಗೆ ಒರಗಿಸಿದ ಕಲ್ಲುಗಳು, ಉದ್ದಕ್ಕೂ ಉಳಿ, ಸುತ್ತಿಗೆ. ನನ್ನನ್ನ ನೋಡಿ ಅವನ ಮುಖ ಅರಳಿತು. ಆವತ್ತು ಮುಖ ತೊಳೆದಿದ್ದ. ಹುಬ್ಬು ಕಪ್ಪಗಿತ್ತು, ಹತ್ತು ವರ್ಷ ಚಿಕ್ಕವನ ಹಾಗೆ ಕಂಡ.

“ನಾನೇ ಬರೋನಿದ್ದೆ, ಹೆಸರಮ್ಮ. ಮುಗೀತು. ಗುರುವಾರ ಸುತ್ತಿಗೆ ಹಿಡಿದೆ, ಕೈ ತಾನಾಗೇ ಹೋಯ್ತು. ನೀವು ಸಿಕ್ಕಿದ್ದಕ್ಕೇ ಆಗಿದ್ದು ಇದು.”

ಗೋಣಿ ಸರಿಸಿದ. ಬೂದು ಕಲ್ಲು. ಮೇಲೆ ಮೂರಕ್ಷರ. ಅದರ ಕೆಳಗೆ, ಸಣ್ಣದಾಗಿ, ನಾನು ಟೀ ಆರೋದರೊಳಗೆ ಬರೆದಿದ್ದ ಸಾಲು. ಕೊರೆದ ಅಂಚು ಒಂದೂ ಒಡೆದಿರಲಿಲ್ಲ.

“ಇನ್ನೊಂದು ಮಾತು,” ಅಂದ. ಕೈಗಳನ್ನ ಪ್ಯಾಂಟಿಗೆ ಒರೆಸಿಕೊಂಡ. “ನನ್ನ ಮನೆ ದೊಡ್ಡದೇನಲ್ಲ. ಎರಡು ರೂಮು. ಒಂದು ವರ್ಷದಿಂದ ಅದರಲ್ಲಿ ಮಾತೇ ಇಲ್ಲ. ನೀವು...”

“ನಿಲ್ಲಿಸಿ,” ಅಂದೆ. “ಮೊದಲು ನಾನು ಹೇಳೋದು ಕೇಳಿ. ಆಮೇಲೆ ಕೇಳೋ ಮನಸ್ಸಿದ್ರೆ ಕೇಳಿ.”

ಹೇಳಿದೆ. ಬೋನು, ಟೀ, ಇಲ್ಲದ ದ್ವೀಪ, ಬುಧವಾರ. ಒಂದೂ ಬಿಡಲಿಲ್ಲ, ಒಂದೂ ಮೆತ್ತಗೆ ಮಾಡಲಿಲ್ಲ. ಮರಳಿ ಬರೋದು ಅಂತ ಅರ್ಥ ಇರೋ ನಿಜವಾದ ಹೆಸರುಗಳೂ ಇದ್ದವು, ಹುಡುಕೋಕೆ ಸೋಮಾರಿತನ ಮಾಡಿದೆ ಅಂತಲೂ ಹೇಳಿದೆ.

ಅವನು ಕಲ್ಲನ್ನೇ ನೋಡುತ್ತಾ ನಿಂತಿದ್ದ.

“ಮೊದಲ ದಿನಾನೇ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಐದು ತಿಂಗಳು ನನ್ನ ಎದುರಿಗೆ ಕೂತು ಟೀ ಕುಡಿದ್ರಿ.”

“ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಹೆದರಿಕೆ. ನಿಮ್ಮ ಮೇಲೆ ಆಸೆ ನನಗೆ. ಅದೂ ನಿಜ, ಇದೂ ನಿಜ.”

ಅವನು ಗೋಣಿ ಎತ್ತಿ ಕಲ್ಲಿನ ಮೇಲೆ ಮತ್ತೆ ಹಾಕಿದ, ಮೂಲೆಗಳನ್ನ ಸರಿಮಾಡಿದ, ಮಲಗಿದ ಮಗೂಗೆ ಹೊದಿಸೋ ಹಾಗೆ.

“ಸಾಕು,” ಅಂದ.

ನನ್ನ ಹೆಸರನ್ನೇ ನನ್ನ ಮುಖಕ್ಕೆ ಎಸೆದ ಹಾಗಾಯಿತು. ಅವನಿಗೆ ಆ ಉದ್ದೇಶ ಇರಲಿಲ್ಲ. ಹೇಗೆ ಮನೆ ಸೇರಿದೆನೋ ಗೊತ್ತಿಲ್ಲ.

ಬುಧವಾರ ವಕೀಲರು ಪೆನ್ ಕೊಟ್ಟರು. ಹೇಳಿಕೆ ಓದಿದೆ. ‘ಎಲ್ಲಿಯೂ ಇಲ್ಲ, ಹಿಂದೆಯೂ ಇರಲಿಲ್ಲ.’

“ಹೆಸರು ಕಟ್ಟಿದ್ದು ನಾನೇ ಅಂತ ಬರೆದುಕೊಡ್ತೀನಿ,” ಅಂದೆ. “ಎರಡನೇ ಸಾಲಿಗೆ ಸಹಿ ಹಾಕಲ್ಲ. ಈ ಹೆಸರಿನವಳು ಒಬ್ಬಳಿದ್ದಳು. ಆರು ವರ್ಷ ಇದ್ದಳು. ನೇರಳೆ ಪೆನ್ಸಿಲ್ ಇಷ್ಟ ಅವಳಿಗೆ.”

ವಕೀಲರು ಯಜಮಾನರ ಮುಖ ನೋಡಿದರು. ಹೆಸರಿಗೆ ಮನುಷ್ಯರು ಇದ್ದಾರೆ ಅಂದ ಮೇಲೆ ಅದು ಬೋನಲ್ಲ; ಆ ಮಗುವಿನ ಹೆಸರು ಕೇಳಿ ಹಾಕಿದೆ ಅಂತ ಕದ್ದವನು ಅಂದುಬಿಡಬಹುದು, ಕೇಸು ನಿಲ್ಲಲ್ಲ. ಯಜಮಾನರು ಕೂಗಾಡಲಿಲ್ಲ, ಒಳ್ಳೆಯವರು. “ನಾಳೆಯಿಂದ ಬರಬೇಡಮ್ಮ,” ಅಂದರು ಅಷ್ಟೇ. ಹದಿನೇಳು ವರ್ಷದ ಕುರ್ಚಿಯಿಂದ ನನ್ನ ದಿಂಬು ಮಾತ್ರ ಎತ್ತಿಕೊಂಡು ಬಂದೆ.

ಮೂರು ವಾರ ಮನೆಯಲ್ಲಿ ಬಿದ್ದಿದ್ದೆ. ಅಕ್ಕಂದಿರು ಬಂದು ಬೈದು, ಅಡುಗೆ ಮಾಡಿಟ್ಟು ಹೋಗುತ್ತಿದ್ದರು. ನಾಲ್ಕನೇ ವಾರ ಬಾಗಿಲ ಸಂದಿಯಲ್ಲಿ ಒಂದು ಚೀಟಿ ಸಿಕ್ಕಿತು. ಕೊರೆದಂಥ ಅಕ್ಷರ. ‘ಆಫೀಸಿಗೆ ಹೋಗಿದ್ದೆ. ಯಜಮಾನರು ಎಲ್ಲ ಹೇಳಿದ್ರು. ಭಾನುವಾರ ಕಲ್ಲು ನಿಲ್ಲಿಸ್ತೀನಿ. ಬನ್ನಿ.’

ಸ್ಮಶಾನದ ಮೂಲೆಯಲ್ಲಿ ಕಲ್ಲು ನಿಂತಿತ್ತು. ಮೂರಕ್ಷರ ಹಾಗೇ ಇತ್ತು. ಕೆಳಗಿನ ಸಾಲು ಇರಲಿಲ್ಲ. ಆ ಜಾಗದಲ್ಲಿ ಬೆರಳಿನಷ್ಟು ಆಳ ತಗ್ಗು, ನುಣ್ಣಗೆ ಉಜ್ಜಿದ್ದು. ಅವನು ಬುಡಕ್ಕೆ ಮಣ್ಣು ತುಳಿಯುತ್ತಿದ್ದ. ಹುಬ್ಬು ಮತ್ತೆ ಬೆಳ್ಳಗಿತ್ತು.

“ಕೋಪಕ್ಕೆ ತೆಗೆದ್ರಾ?”

“ಕೋಪಕ್ಕೇ. ಸುಳ್ಳು ಯಾಕೆ ಹೇಳ್ಲಿ,” ಅಂದ. “ಪುಸ್ತಕಾನೂ ಒಲೆಗೆ ಹಾಕೋಕೆ ಹೋಗಿದ್ದೆ. ಅವಳು ಗೀಚಿದಾಳಲ್ಲ ಅದರಲ್ಲಿ. ಹೇಗೆ ಹಾಕ್ಲಿ?”

ಅವನು ಮಣ್ಣು ತುಳಿಯೋದು ನಿಲ್ಲಿಸಿದ.

“ನೀವು ಬಾಯಿಗೆ ಬಂದಿದ್ದು ಬರೆದ್ರಿ. ನಾನು ಅದನ್ನ ದಿನಕ್ಕೆ ನೂರು ಸಲ ಕೂಗಿದೆ. ಊಟಕ್ಕೆ, ಸ್ಕೂಲಿಗೆ, ಸುಮ್ಮಸುಮ್ಮನೆ. ಕೂಗಿದಾಗೆಲ್ಲ ಬಂದ್ಲು. ಸ್ನಾನಕ್ಕೆ ಕೂಗಿದ್ರೆ ಮಾತ್ರ ಮಂಚದ ಕೆಳಗೆ.” ಅವನ ಧ್ವನಿ ಒಂದು ಕ್ಷಣ ನಕ್ಕಿತು, ಆಮೇಲೆ ನಿಂತುಹೋಯಿತು. “ಆಸ್ಪತ್ರೆಯಲ್ಲೂ ಕೂಗಿದೆ.”

ನಾನು ಅಳುತ್ತಿದ್ದೆ. ಅವನು ಸಮಾಧಾನ ಮಾಡಲು ಬರಲಿಲ್ಲ.

“ಅವಳನ್ನ ಆ ಹೆಸರಲ್ಲಿ ಕೂಗೋರು ಈಗ ನಾನೊಬ್ಬನೇ. ಹೆಂಡತಿ ಬಾಯಲ್ಲೂ ಬರಲ್ಲ, ಪಾಪ. ನಾನೂ ಸತ್ರೆ ಈ ಕಲ್ಲಷ್ಟೇ. ಹೆಸರಮ್ಮ, ಕಟ್ಟಿದೋರು ನೀವು. ಒಂದ್ಸಲ ಕೂಗಿ.”

ಬರೆದಿದ್ದೆ, ಪ್ರೂಫ್ ತಿದ್ದಿದ್ದೆ, ಐದು ಮುದ್ರಣಗಳಲ್ಲಿ ನೋಡಿದ್ದೆ. ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲ ಸಲ ನನಗೇ ಕೇಳಿಸದಷ್ಟು ಮೆಲ್ಲಗೆ ಅಂದೆ.

“ಜೋರಾಗಿ,” ಅಂದ. “ದೂರದಲ್ಲಿ ಆಡ್ತಿದಾಳೆ ಅಂದ್ಕೊಳ್ಳಿ.”

ಕೂಗಿದೆ. ಮೂರಕ್ಷರ. ಗೋಡೆಯಾಚೆ ಯಾರದೋ ಗುದ್ದಲಿಯ ಸದ್ದು ಒಂದು ಕ್ಷಣ ನಿಂತಿತು, ಮತ್ತೆ ಶುರುವಾಯಿತು. ಯಾರೂ ಬರಲಿಲ್ಲ. ಆದರೂ ಇಬ್ಬರೂ ಗೇಟಿನ ಕಡೆಯೇ ನೋಡುತ್ತಾ ನಿಂತಿದ್ದೆವು.

ಎಷ್ಟೋ ಹೊತ್ತಾದ ಮೇಲೆ ಅವನ ಕೈ ನನ್ನ ಕೈ ಹಿಡಿಯಿತು. ಅಂಗೈ ತುಂಬ ಕಲ್ಲಿನ ಪುಡಿ.

“ನಡೀರಿ,” ಅಂದ. “ಮನೆಗೆ ಹೋಗೋಣ.”