ಪಂಚನಾಮೆಗೊಂದು ಜಗಳ

"ಹಿಂಗ ಬೈದ್ರ ಯಾರ್ ನಂಬ್ತಾರ, ನನ್ನವ್ವಾ? ಹೊಟ್ಯಾಗಿಂದ ಬೈ! ನಿನ್ನ ಕಾಲಿಗೆ ಬೀಳ್ತೀನಿ… ನನ್ನ ಬೈ!"

ಭೀಮಕ್ಕ ನಿಜಕ್ಕೂ ಸೊಸೆಯ ಕಾಲಿಗೆ ಬಗ್ಗಿಬಿಟ್ಟಳು. ಶಿವಲಿಂಗಮ್ಮ ಹೌಹಾರಿ ಹಿಂದೆ ಸರಿದಳು. ಮದುವೆಯಾಗಿ ತಳಕಲ್ಲಿಗೆ ಬಂದು ಒಂಬತ್ತು ವರ್ಷ, ಅತ್ತೆಗೆ ಒಂದು ದಿನವೂ ಎದುರು ಮಾತಾಡಿದವಳಲ್ಲ. ಈಗ ಅದೇ ಅತ್ತೆ ಕದ ಮುಚ್ಚಿಕೊಂಡು, ತನ್ನನ್ನು ಹೇಗೆ ಬೈಯಬೇಕೆಂದು ಪಾಠ ಹೇಳಿಕೊಡುತ್ತಿದ್ದಾಳೆ! ಇಂಥ ಕರ್ಮ ಯಾವ ಸೊಸೆಗಾದರೂ ಬಂದೀತೆ?

ಆದರೆ ಬೇರೆ ದಾರಿ ಇರಲಿಲ್ಲ. ಭೀಮಕ್ಕನ ಹಿರಿಮಗ ಗವಿಸಿದ್ದೇಶ ಆರು ವರ್ಷದ ಕೆಳಗೆ ಶ್ರೀರಾಮನಗರದ ಕಡೆ ಹಮಾಲಿ ಮಾಡುವಾಗ ಭತ್ತದ ಚೀಲಗಳ ಸಾಲೇ ಮೈಮೇಲೆ ಕುಸಿದು, ಸೊಂಟದ ಕೆಳಗೆ ಜೀವವಿಲ್ಲದಂತಾಗಿ ಹಾಸಿಗೆ ಹಿಡಿದಿದ್ದ. ಆತನಿಗೆ ಸರ್ಕಾರದಿಂದ ತಿಂಗಳಾ ಬರುವ ಅಂಗವಿಕಲರ ಪಗಾರದಲ್ಲೇ ಮೂತ್ರದ ನಳಿಗೆ, ಚೀಲ, ಬೆನ್ನಿನ ಹುಣ್ಣಿಗೆ ಹತ್ತಿ, ಮುಲಾಮು, ಎಲ್ಲಾ. ಈ ವರ್ಷ ಕಿರಿಮಗ ಅಯ್ಯಪ್ಪನಿಗೆ, ಅಂದರೆ ಶಿವಲಿಂಗಮ್ಮನ ಗಂಡನಿಗೆ, ಕುಷ್ಟಗಿಯ ಹಾಸ್ಟೆಲೊಂದರಲ್ಲಿ ಅಡುಗೆ ಸಹಾಯಕನ ಕೆಲಸ ಸಿಕ್ಕಿತು. ಹೋಳಿಗೆ ಮಾಡಿ ಉಂಡರು. ಆ ಸಿಹಿ ನಾಲಿಗೆಯಿಂದ ಇಳಿಯುವ ಮುನ್ನವೇ ಗವಿಸಿದ್ದೇಶನ ಪಗಾರ ನಿಂತುಹೋಯಿತು! ಒಂದೇ ರೇಷನ್ ಕಾರ್ಡು, ಒಂದೇ ಕುಟುಂಬ, ವರಮಾನ ಜಾಸ್ತಿಯಾಗಿದೆ ಅಂತ. ಮೂರು ತಿಂಗಳಾಯಿತು. ತೊಳೆದು ತೊಳೆದು ಅದೇ ಹಳೇ ನಳಿಗೆಯನ್ನೇ ಹಾಕುತ್ತಿದ್ದರು. ಆತನಿಗೆ ಜ್ವರ ಬಿಟ್ಟು ಬಿಟ್ಟು ಬರತೊಡಗಿತ್ತು.

ಅರ್ಜಿ ಬರೆದುಕೊಡುವ ವಿರುಪಣ್ಣ ದಾರಿ ತೋರಿಸಿದ್ದ. "ಅಣ್ಣ ತಮ್ಮ ಬ್ಯಾರೆ ಆಗ್ಯಾರ ಅಂತ ಅರ್ಜಿ ಕೊಡ್ರಿ. ಬೇಸ್ತವಾರ ತಾಲೂಕ ಕಚೇರಿ ಸಾಹೇಬ್ರು ಮನಿ ನೋಡಿ ಪಂಚನಾಮೆ ಮಾಡಾಕ ಬರ್ತಾರ. ಒಲಿ ಎರಡು ಇರ್ಬೇಕು. ಓಣ್ಯಾಗಿನ ಐದು ಮಂದಿ ಸಹಿ ಹಾಕ್ಬೇಕು, ಅಷ್ಟ."

ಎಮ್ಮೆ ಕಟ್ಟುತ್ತಿದ್ದ ತಗಡಿನ ಚಪ್ಪರದಲ್ಲಿ ಮೂರು ಕಲ್ಲಿಟ್ಟು ಎರಡನೇ ಒಲೆ ಹೂಡಿದರು. ಗವಿಸಿದ್ದೇಶನ ಹಾಸಿಗೆ ಅಲ್ಲಿಗೇ ಹೋಯಿತು. ನಾಲ್ಕು ಮಂದಿ ಒಪ್ಪಿದರು. ಎದುರು ಮನೆಯ ತಾಜಬೀ ಮಾತ್ರ ಒಲ್ಲೆನೆಂದುಬಿಟ್ಟಳು. ಓಣಿಗೆಲ್ಲ ಅವಳ ಮಾತೇ ಮಾತು.

"ನಾ ಐದು ಹೊತ್ತು ನಮಾಜ್ ಮಾಡಾಕಿ ಭೀಮಕ್ಕಾ, ಸುಳ್ಳಿಗೆ ಹೆಬ್ಬಟ್ಟು ಒತ್ತಂಗಿಲ್ಲ. ನಿಮ್ಮನ್ಯಾಗ ಒಂದಿನ ಜೋರ್ ಮಾತು ಕೇಳಿಲ್ಲ. ಜಗಳ ಇಲ್ದ ಯಾರರ ಬ್ಯಾರೆ ಆಕ್ಕಾರೇನು?"

ಅದಕ್ಕೇ ಈ ಪಾಠ!

ಬುಧವಾರ ನಳಕ್ಕೆ ನೀರು ಬಿಟ್ಟಿದ್ದ ಹೊತ್ತು. ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿರುವಾಗ ಶಿವಲಿಂಗಮ್ಮ ಅಂಗಳಕ್ಕೆ ಬಂದಳು. "ನಾ… ನಾ ಇನ್ನ ಕೂಡಿ ಇರಂಗಿಲ್ಲ" ಎಂದದ್ದು ಅವಳಿಗೇ ಕೇಳಿಸಲಿಲ್ಲ.

"ಇರಬ್ಯಾಡ ಹೋಗ!" ಭೀಮಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಗಂಡ ಪಗಾರ ತಂದಕೂಡ್ಲೆ ಕೊಂಬು ಮೂಡ್ಯಾವೇನ? ಏನ್ ಮಾಡೀದಿ ನೀ ಈ ಮನಿಗೆ?"

ಅಷ್ಟೇ! ಎಲ್ಲಿತ್ತೋ, ಎಷ್ಟು ದಿನದಿಂದ ಒತ್ತಿಟ್ಟದ್ದೋ, ಒಡೆದುಕೊಂಡು ಬಂತು.

"ಏನ್ ಮಾಡೀನಾ? ಆರು ವರ್ಷ ನಿಮ್ಮ ಮಗನ ಹೊಲಸು ಬಳದೀನಿ! ಸೆರಗು ಹೊತ್ತು ಮರಿಗೆ ನಿಲ್ಬೇಕಾದ ಭಾವನ ಮೈ ತೊಳದೀನಿ! ಕೈ ವಾಸನಿಗೆ ತುತ್ತು ಗಂಟಲದಾಗ ಇಳಿಯವಲ್ದು! ನನಗೊಂದು ಕೂಸು ಆತೇನು ಅಂತ ಯಾರರ ಕೇಳೀರೇನು? ನನ್ನ ವಯಸ್ಸೆಲ್ಲಾ ಆ ಹಾಸಿಗ್ಯಾಗ ಹೋತಲ್ಲಾ… ಆ ಮನುಷ್ಯಾಗ ಸಾವರ ಯಾಕ ಬರವಲ್ದು…!"

ನಳದ ಕೆಳಗಿನ ಕೊಡ ತುಂಬಿ ಹರಿಯಿತು. ಯಾರೂ ಅದನ್ನು ಎತ್ತಲಿಲ್ಲ. ಭೀಮಕ್ಕನ ಕೈ ಸೊಂಟದಿಂದ ಜಾರಿಬಿದ್ದಿತ್ತು. ಇಷ್ಟನ್ನು ಆಕೆ ಕಲಿಸಿರಲಿಲ್ಲ. ಚಪ್ಪರದ ನೆರಳಿನಿಂದ ಗವಿಸಿದ್ದೇಶ ತಮ್ಮನ ಹೆಂಡತಿಯನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ… ಸಿಟ್ಟಿದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು!

ಮರುದಿನ ಸಾಹೇಬರು ಬಂದರು. ಸಣ್ಣ ವಯಸ್ಸಿನ ಒಳ್ಳೆಯ ಮನುಷ್ಯ. ಒಲೆ ನೋಡಿದರು, ಬೂದಿ ಮುಟ್ಟಿ ನೋಡಿದರು. ಕಡೆಗೆ ಹಾಸಿಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ತಮ್ಮನ ಹೆಂಡ್ತಿ ನಿಮ್ಮನ್ನ ನೋಡ್ಕೊಳ್ಳಂಗಿಲ್ಲೇನ್ರಿ?"

ಬಾಗಿಲ ಮರೆಯಲ್ಲಿ ಶಿವಲಿಂಗಮ್ಮ ಕಿವಿಗೊಟ್ಟು ನಿಂತಿದ್ದಳು. ಆತ ಸೂರಿನ ತಗಡನ್ನೇ ನೋಡುತ್ತಾ ಹೇಳಿದ: "ಅಕಿ ನನಗ್ಯಾರ್ರೀ ಸರ? ಬ್ಯಾರೆ ಮನಿ ಹೆಣ್ಮಗಳು. ಒಂದ್ ದಿನ ಒಂದ್ ತಂಬಿಗಿ ನೀರು ಕೊಟ್ಟಾಕಿ ಅಲ್ಲ."

ಬೆಳಿಗ್ಗೆಯಷ್ಟೇ ಅವಳು ಆತನ ಬೆನ್ನು ತೊಳೆದಿದ್ದಳು! ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಆನಿಕೊಂಡಳು. ಹೊರಗೆ ತಾಜಬೀ ಹೆಬ್ಬಟ್ಟು ಒತ್ತುತ್ತಾ, "ನೋಡ್ರಿ ಸಾಹೇಬ್ರ, ದೇವರಂಥಾ ಭೀಮಕ್ಕಗ ಎಂಥಾ ಹೆಣ್ಣು ಗಂಟುಬಿತ್ತು!" ಎಂದಳು.

ಎರಡು ತಿಂಗಳಿಗೆ ಪಗಾರ ಮತ್ತೆ ಬಂತು. ಜೊತೆಗೆ ವಿರುಪಣ್ಣನ ಎಚ್ಚರಿಕೆಯೂ ಬಂತು. "ಕೂಡ್ಯಾರ ಅಂತ ಒಬ್ರು ಅರ್ಜಿ ಹಾಕಿದ್ರ ಮತ್ತ ನಿಲ್ತೈತಿ. ಅಕಿ ಚಪ್ಪರದ ಕಡೆ ಹಾಯಬಾರ್ದು." ಶಿವಲಿಂಗಮ್ಮ ಹಾಯಲಿಲ್ಲ. ಅಯ್ಯಪ್ಪ ಭಾನುವಾರ ಬಂದಾಗ ಅಣ್ಣನಿಗೆ ಸ್ನಾನ ಮಾಡಿಸುತ್ತಿದ್ದ. ಉಳಿದ ಆರು ದಿನ ಭೀಮಕ್ಕ ಒಬ್ಬಳೇ. ಮೊಣಕಾಲು ಹೋದ ಮುದುಕಿ ಅಷ್ಟುದ್ದದ ಮಗನನ್ನು ಹೊರಳಿಸುವುದೆಲ್ಲಿಂದ ಬಂತು? ಹೊರಳಿಸದೆ ಬೆನ್ನಿನ ಹುಣ್ಣು ಅಂಗೈಯಗಲ ಆಯಿತು. ಹೊಸ ಮುಲಾಮು ಡಬ್ಬಿಯಲ್ಲೇ ಇತ್ತು. ಹಚ್ಚುವ ಕೈ ಇರಲಿಲ್ಲ. ಗಾಳಿ ಇತ್ತ ತಿರುಗಿದಾಗ ಆ ವಾಸನೆ ಅವಳ ಅಡುಗೆಮನೆಗೇ ಬರುತ್ತಿತ್ತು.

ಒಂದು ಮುಂಜಾನೆ ಚಪ್ಪರದಲ್ಲಿ ಏನೋ ಧೊಪ್ಪನೆ ಬಿದ್ದ ಸದ್ದು. ಹಿಂದೆಯೇ ಭೀಮಕ್ಕನ ದನಿ: "ಯವ್ವಾ… ನನ್ನ ಕೈಲೆ ಆಗವಲ್ದೋ ಗವಿಸಿದ್ದಾ…"

ನಳದ ಹತ್ತಿರ ಓಣಿಯೇ ನೆರೆದಿತ್ತು. ಶಿವಲಿಂಗಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈಯ ಹಿಟ್ಟಿನ ಸಮೇತ, ಎಲ್ಲರ ಕಣ್ಣೆದುರಿಗೇ ಅಂಗಳ ದಾಟಿದಳು!

"ಯಾಕ್ ಬಂದಿ?" ಗವಿಸಿದ್ದೇಶ ಓಣಿಗೆಲ್ಲ ಕೇಳುವಂತೆ ಚೀರಿದ. "ನಾ ಸತ್ತೀನೇನು ಅಂತ ನೋಡಾಕ ಬಂದ್ಯಾ? ನಡಿ ಆಚಿ!" ಚೀರುತ್ತಲೇ ಅವಳ ಮುಂಗೈಯನ್ನು ಮುಳುಗುವವನಂತೆ ಹಿಡಿದುಕೊಂಡುಬಿಟ್ಟ.

ಅವಳಿಗೆ ಅರ್ಥವಾಯಿತು.

"ನನ್ನ ಮಡಕಿ ಇಲ್ಲಿ ಐತಿ, ಒಯ್ಯಾಕ ಬಂದೀನಿ! ನಿಮ್ಮ ಅಪ್ಪಂದೇನು ಇದು?" ಅವಳೂ ಕೂಗಿದಳು. ಕೂಗುತ್ತಾ ಬಿದ್ದಿದ್ದ ಅತ್ತೆಯನ್ನು ಎತ್ತಿ ಕೂರಿಸಿದಳು, ಭಾವನನ್ನು ಮಗ್ಗುಲಿಗೆ ಹೊರಳಿಸಿದಳು, ಬಿಸಿನೀರಿಗೆ ಹತ್ತಿ ಅದ್ದಿದಳು. ಹುಣ್ಣಿನ ಅಂಚಿನಿಂದ ಒರೆಸತೊಡಗಿದಳು. ಭೀಮಕ್ಕ ಸೊಸೆಯ ಸೆರಗಿನ ತುದಿ ಹಿಡಿದು ಬಿಕ್ಕುತ್ತಿದ್ದಳು.

"ಅವತ್ತ ಅಂದಿದ್ದು… ಖರೇನ ಅಲ್ಲ ತಂಗಿ?" ಆತ ಪಿಸುದನಿಯಲ್ಲಿ ಕೇಳಿದ.

"ಖರೇನ್ರಿ ಭಾವಾರ. ಅದೂ ಖರೇ… ಇದೂ ಖರೇ." ಹತ್ತಿ ಹಿಂಡಿದಳು. "ಉರಿತೈತಿ, ತಡಕೋರಿ."

ಅಂದಿನಿಂದ ದಿನಕ್ಕೆ ಎರಡು ಹೊತ್ತು ಆ ಚಪ್ಪರದಲ್ಲಿ ಜಗಳ. ಮಡಕೆಗೊಂದು ದಿನ, ಕಟ್ಟಿಗೆಗೊಂದು ದಿನ, ಬೇಲಿಗೊಂದು ದಿನ. ಹುಣ್ಣು ಕೆಂಪಗಾಗಿ ಅಂಚು ಕೂಡತೊಡಗಿತು. ಓಣಿಯವರು ಮಾತ್ರ ಅವಳ ಜೊತೆ ಮಾತು ಬಿಟ್ಟರು. ಹಬ್ಬಕ್ಕೆ ಅರಿಸಿನ ಕುಂಕುಮಕ್ಕೆ ಕರೆಯಲಿಲ್ಲ. ನಳದಲ್ಲಿ ಅವಳ ಕೊಡ ಕಂಡರೆ ತಾಜಬೀ ತನ್ನದನ್ನು ಆಚೆ ಎಳೆದುಕೊಳ್ಳುತ್ತಿದ್ದಳು.

"ಹಾಸಿಗಿ ಹಿಡದ ಮನುಷ್ಯಾಗೂ ಬಿಡವಲ್ಲೆಲ್ಲಾ! ಮ್ಯಾಲೊಬ್ಬ ನೋಡಾಕತ್ಯಾನ, ತಿಳಕೋ!"

"ಹೌದಕ್ಕಾ," ಎಂದಳು ಶಿವಲಿಂಗಮ್ಮ, ತಲೆಯೆತ್ತದೆ. "ಅವನೊಬ್ಬ ನೋಡಿದ್ರ ಸಾಕು."

ಎಲ್ಲರದೂ ಮುಗಿದ ಮೇಲೆ ತನ್ನ ಕೊಡ ಇಟ್ಟಳು. ಅದು ತುಂಬುವ ಮೊದಲೇ ನೀರು ನಿಂತಿತು. ಅರ್ಧ ಕೊಡವನ್ನೇ ಸೊಂಟಕ್ಕೇರಿಸಿಕೊಂಡು, ಭಾವನ ಮೈ ತೊಳೆಯಲು ಇಷ್ಟು ಸಾಕಾದೀತೆ ಎಂದು ಲೆಕ್ಕ ಹಾಕುತ್ತಾ ಮನೆಯ ಕಡೆ ನಡೆದಳು.